ಮನೆಯಲ್ಲಿ ಮೋಟಾರು ಗಾಡಿಯನ್ನು ತೊಳೆಯುವ ಕ್ರಮ



ಮೋಟಾರು ಗಾಡಿಯನ್ನು ತೊಳೆಯುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವೆವೆಂದರೆ ತಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನೀರು, ಬಟ್ಟೆ, ರಟ್ಟೆಯಲ್ಲಿ ಒಂದಿಷ್ಟು ಬಲ, ಇವು ಮೂರಿದ್ದ ಮೇಲೆ ಇದರಲ್ಲಿ ಕಲಿಯತಕ್ಕುದೇನಿದೆ ಎಂದು ಕೇಳುವವರುಂಟು. ನಾವೂ ಬಹುಕಾಲ ಹಾಗೆಯೇ ಎಣಿಸಿಕೊಂಡಿದ್ದವರು. ಆ ಎಣಿಕೆ ತಪ್ಪೆಂಬುದು ನಮಗೆ ತಿಳಿದದ್ದು ನಮ್ಮ ಗಾಡಿಯ ಮೈ ಕೆಟ್ಟ ಮೇಲೆ.

ಕೆಲವು ವರ್ಷಗಳ ಹಿಂದೆ ನಾವು ಕಡುನೀಲಿ ಬಣ್ಣದ ಹೊಸ ಕಾರೊಂದನ್ನು ಕೊಂಡೆವು. ಹೊಸ ವಸ್ತುವಿನ ಮೇಲಣ ಮೋಹ ಯಾರಿಗೆ ತಾನೆ ಇಲ್ಲ? ಪ್ರತಿದಿನವೂ ಬೆಳಗಿನ ಕಾಫಿಗೆ ಮುಂಚೆಯೇ ಒಣಬಟ್ಟೆಯೊಂದನ್ನು ಹಿಡಿದು, ಧೂಳಿನ ಒಂದು ಕಣವೂ ಉಳಿಯದಂತೆ ಅದರ ಮೈಯನ್ನೆಲ್ಲ ಒರೆಸಿ, ನೆರೆಹೊರೆಯವರ ಮೆಚ್ಚಿಕೆಯನ್ನು ಪಡೆಯುತ್ತಿದ್ದೆವು. ಭಾನುವಾರಗಳಲ್ಲಿ ರಬ್ಬರು ಕೊಳವೆಯನ್ನು ನಲ್ಲಿಗೆ ಸಿಕ್ಕಿಸಿ ಧಾರಾಳವಾಗಿ ಸ್ನಾನವನ್ನೂ ಮಾಡಿಸುತ್ತಿದ್ದೆವು. ವರ್ಷ ತುಂಬುವುದರೊಳಗೆ, ಒಂದು ಸಂಜೆ ಓರೆ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದಾಗ ನೋಡುತ್ತೇವೆ, ಜೇಡನು ಬಲೆ ನೆಯ್ದಂತೆ ಎಣಿಸಲಾರದಷ್ಟು ಸಣ್ಣ ಗೀರುಗಳು! ಬೀದಿಯ ಹುಡುಗರ ಕಿಡಿಗೇಡಿತನವಿರಬೇಕೆಂದು ಸಂಶಯಪಟ್ಟು, ಬಣ್ಣದ ಕೆಲಸ ಬಲ್ಲ ಒಬ್ಬ ವೃದ್ಧ ಮೇಸ್ತ್ರಿಗೆ ತೋರಿಸಿದೆವು. ಆತನು ಬೆರಳಿನಿಂದ ಮೆಲ್ಲನೆ ಸವರಿ ನೋಡಿ, “ಸ್ವಾಮೀ, ಇದು ಹುಡುಗರ ಕೆಲಸವಲ್ಲ. ತಾವೇ ದಿನಾ ಒರೆಸಿ ಒರೆಸಿ ಮಾಡಿಕೊಂಡದ್ದು,” ಎಂದನು. ನಮಗೆ ನಾಚಿಕೆಯಾಯಿತು, ಆದರೆ ವಿಷಯವನ್ನು ವಿಚಾರಮಾಡಬೇಕೆಂಬ ಬುದ್ಧಿಯೂ ಅಂದೇ ಹುಟ್ಟಿತು.

ಗಾಡಿಯ ಮೈ ಕಣ್ಣಿಗೆ ಕಾಣುವಷ್ಟು ಗಟ್ಟಿಯಾದುದಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕು ಹಿಡಿಯದಂತೆ ಒಂದು ಲೇಪ, ಅದರ ಮೇಲೆ ನುಣುಪು ಕೊಡುವ ಇನ್ನೊಂದು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಪದರ, ಹೀಗೆ ಲೇಪಗಳು ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನೆಂದು ಹೆಸರು. ಈ ಲೇಪಗಳೆಲ್ಲವೂ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನು ದಪ್ಪ. ಮೇಲಿನ ಪಾರದರ್ಶಕ ಪದರವಂತೂ ಸುಮಾರು ೪೦ರಿಂದ ೫೦ ಮೈಕ್ರಾನು ಮಾತ್ರ. ನಮ್ಮ ತಲೆಗೂದಲೊಂದರ ದಪ್ಪ ಸುಮಾರು ೭೦ ಮೈಕ್ರಾನು ಎಂದರೆ, ನಾವು ಉಜ್ಜುವುದು ಕೂದಲಿಗಿಂತಲೂ ತೆಳುವಾದ ಒಂದು ಪೊರೆಯನ್ನು ಎಂಬುದು ಸ್ಪಷ್ಟವಾಗುತ್ತದೆ. ಹೊಳಪು ಇರುವುದು ಈ ಪೊರೆಯಲ್ಲಿ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಒಳಗಿನ ಬಣ್ಣವನ್ನು ಕಾಯುವ ದ್ರವ್ಯಗಳೂ ಇದರಲ್ಲಿಯೇ ಇರುತ್ತವೆ. ಇದು ಸವೆದರೆ ತಿರುಗಿ ಬೆಳೆಯುವುದಿಲ್ಲ.

ಇನ್ನು ಧೂಳೆಂದರೇನು? ನಮ್ಮ ಬೀದಿಗಳ ಧೂಳಿನಲ್ಲಿ ಕೆಮ್ಮಣ್ಣು, ಟೈರಿನ ಸವೆತ, ಕಟ್ಟಡಗಳ ಸಿಮೆಂಟು, ಎಲ್ಲವೂ ಉಂಟು. ಅವುಗಳ ನಡುವೆ ನುಣ್ಣಗಾದ ಮರಳೂ ಉಂಟು. ಮರಳಿನ ಮುಖ್ಯ ದ್ರವ್ಯವಾದ ಬೆಣಚುಕಲ್ಲು ಖನಿಜಗಳ ಗಡಸುತನದ ಅಳತೆಯಲ್ಲಿ ಏಳನೆಯ ಸ್ಥಾನದ್ದು. ಕಿಟಕಿಯ ಗಾಜು ಐದೂವರೆಯ ಆಸುಪಾಸಿನದು. ಗಾಜನ್ನೇ ಗೀರಬಲ್ಲ ವಸ್ತುವಿನ ಮುಂದೆ ಬಣ್ಣದ ಪೊರೆಯ ಪಾಡೇನು? ಒಣಗಿದ ಧೂಳಿನ ಮೇಲೆ ಬಟ್ಟೆಯನ್ನೊತ್ತಿ ತಿರುಗಿಸುವುದೆಂದರೆ ಮರಳುಕಾಗದದಿಂದ ತಿಕ್ಕಿದಂತೆಯೇ. ಬಟ್ಟೆ ಎಷ್ಟು ಮೃದುವಾದರೂ ಫಲವಿಲ್ಲ. ಗೀರುವುದು ಬಟ್ಟೆಯಲ್ಲ, ಬಟ್ಟೆ ಹಿಡಿದುಕೊಂಡ ಕಣ.

ಹಿರಿಯರ ಕಾಲದಲ್ಲಿ ದಿನವೂ ಒರೆಸಿ, ಆಗಾಗ ಪಾಲಿಷು ಹಾಕಿ ಉಜ್ಜುತ್ತಿದ್ದರಲ್ಲ, ಆ ಗಾಡಿಗಳು ಹೊಳೆಯುತ್ತಿರಲಿಲ್ಲವೆ ಎಂದು ಕೇಳಬಹುದು. ಆ ಮಾತು ನಿಜ. ೧೯೨೦ರ ದಶಕದಲ್ಲಿ ಬಳಕೆಗೆ ಬಂದ ನೈಟ್ರೋಸೆಲ್ಯುಲೋಸ್ ಅರಗಿನ ಬಣ್ಣಗಳಿಗೆ ಮೇಲೊಂದು ಪಾರದರ್ಶಕ ಪೊರೆಯಿರುತ್ತಿರಲಿಲ್ಲ. ಬಿಸಿಲಿಗೆ ಮೇಲಿನ ಬಣ್ಣ ಮಂಕಾಗಿ ಬೂದಿ ಬಿದ್ದಂತಾದಾಗ ಅದನ್ನು ಉಜ್ಜಿ ತೆಗೆದು ಕೆಳಗಿನ ಹೊಸ ಬಣ್ಣವನ್ನು ಹೊರಪಡಿಸುವುದು ಆ ಕಾಲಕ್ಕೆ ತಕ್ಕ ಉಪಾಯವಾಗಿತ್ತು. ೧೯೮೦ರ ದಶಕದಿಂದೀಚೆಗೆ ಪಾರದರ್ಶಕ ಪೊರೆಯ ರೂಢಿ ಲೋಕದಲ್ಲೆಲ್ಲ ಹಬ್ಬಿತು. ಗಾಡಿಯ ಮೈ ಬದಲಾಯಿತು. ನಮ್ಮ ಕೈ ಮಾತ್ರ ಹಳೆಯ ಅಭ್ಯಾಸವನ್ನು ಬಿಡಲಿಲ್ಲ.

ಹಾಗಾದರೆ ನೀರನ್ನು ಹೊಳೆಯಂತೆ ಹರಿಸಿ ತೊಳೆದರಾಯಿತಲ್ಲ ಎಂದರೆ, ಅಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ತಮ್ಮ ಮನೆಯ ಕೊಳವೆಯಿಂದ ೧೫ ಲೀಟರಿನ ಬಕೀಟು ತುಂಬಲು ಎಷ್ಟು ಹೊತ್ತು ಬೇಕೆಂಬುದನ್ನು ಗಡಿಯಾರ ಹಿಡಿದು ನೋಡಿರಿ. ಒಂದು ನಿಮಿಷದಲ್ಲಿ ತುಂಬಿದರೆ, ಇಪ್ಪತ್ತು ನಿಮಿಷ ಬಿಟ್ಟ ಕೊಳವೆಯಿಂದ ೩೦೦ ಲೀಟರು ಹೋಯಿತೆಂದು ಲೆಕ್ಕ. ನಮ್ಮ ದೇಶದಲ್ಲಿ ನಗರದ ಒಬ್ಬ ನಿವಾಸಿಗೆ ದಿನವೊಂದಕ್ಕೆ ೧೩೫ ಲೀಟರೆಂದು ನೀರಿನ ಯೋಜನೆಗಳಲ್ಲಿ ಅಳತೆ ಇಟ್ಟುಕೊಳ್ಳುತ್ತಾರೆ. ಅಂದರೆ ಎರಡು ಜೀವಗಳ ಒಂದು ದಿನದ ಸ್ನಾನ, ಪಾನ, ಅಡಿಗೆಗಳ ನೀರಿಗಿಂತಲೂ ಹೆಚ್ಚಾದದ್ದು ನಮ್ಮ ಬಾಗಿಲ ಮುಂದಿನ ಮೋರಿಗೆ ಹರಿಯಿತು. ಬೆಂಗಳೂರಿನವರಿಗಂತೂ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತಗಳಾಗಿ ಯಂತ್ರಗಳಿಂದ ಮೇಲೆತ್ತಲ್ಪಟ್ಟು ಬರತಕ್ಕದ್ದು. ೨೦೨೪ರ ಬೇಸಿಗೆಯನ್ನು ತಾವು ಮರೆತಿರಲಾರಿರಿ. ಆ ಮಾರ್ಚಿ ತಿಂಗಳಲ್ಲಿ ನಗರದ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯಕೂಡದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು; ೨೦೨೫ರ ಫೆಬ್ರವರಿಯಲ್ಲಿಯೂ ಅಂಥ ಆಜ್ಞೆ ಹೊರಟಿತು.

ನಮ್ಮ ಬೀದಿಯ ಕೊಳವೆ ಬಾವಿಯೂ ಆ ೨೦೨೪ರ ಬೇಸಿಗೆಯಲ್ಲಿ ಬತ್ತಿತು. ಟ್ಯಾಂಕರಿಗಾಗಿ ಕೊಡಗಳನ್ನು ಸಾಲಾಗಿಟ್ಟುಕೊಂಡು ಕಾದು ನಿಂತವರ ಎದುರಿನಲ್ಲಿ ಕಾರಿಗೆ ಸ್ನಾನಮಾಡಿಸುವ ಧೈರ್ಯ ಯಾರಿಗಿದ್ದೀತು? ಗಾಡಿಯನ್ನು ಒಂದೂವರೆ ತಿಂಗಳು ಹಾಗೆಯೇ ಬಿಟ್ಟೆವು. ಆಮೇಲೆ ಮೊದಲ ಮಳೆಯ ನೀರನ್ನು ತೊಟ್ಟಿಯಲ್ಲಿ ಹಿಡಿದು, ಎಣಿಸಿ ಎಣಿಸಿ ನೀರನ್ನು ಖರ್ಚುಮಾಡಿ ತೊಳೆಯಲು ಕಲಿತೆವು. ಆಗ ತಿಳಿದ ಸಂಗತಿಯನ್ನೇ ಇಂದು ತಮ್ಮ ಮುಂದೆ ಇಡುವುದು. ಗಾಡಿಯನ್ನು ಕಾಯುವುದು ನೀರಿನ ಮೊತ್ತವಲ್ಲ, ಕೆಲಸದ ಕ್ರಮ. ಕ್ರಮ ತಪ್ಪದಿದ್ದರೆ ಸಣ್ಣ ಕಾರೊಂದಕ್ಕೆ ೫೦ ಲೀಟರು ನೀರು ಸಾಕು. ಗಾಡಿಯೂ ಮೊದಲಿಗಿಂತ ಚೆನ್ನಾಗಿ ಉಳಿಯುತ್ತದೆ.

ಮೊದಲು ಹೊತ್ತು ಮತ್ತು ಸ್ಥಳ. ಬೆಳಿಗ್ಗೆ ಬಿಸಿಲೇರುವುದಕ್ಕೆ ಮುಂಚೆ ಅಥವಾ ಸಂಜೆ, ನೆರಳಿನಲ್ಲಿ ಗಾಡಿಯನ್ನು ನಿಲ್ಲಿಸಿರಿ. ಆಗ ತಾನೆ ಓಡಿ ಬಂದ ಗಾಡಿಯಾದರೆ ಬಾನೆಟ್ಟೂ ಬ್ರೇಕುಗಳೂ ತಣಿಯುವವರೆಗೆ ಕಾಯಿರಿ. ಕಾದ ತಗಡಿನ ಮೇಲೆ ಸಾಬೂನಿನ ನೀರು ಬಿದ್ದ ಗಳಿಗೆಯಲ್ಲಿಯೇ ಒಣಗಿ ಕಲೆ ಕಟ್ಟುತ್ತದೆ. ಮುಂದಿನ ಗಾಜಿನಲ್ಲಿ ಕಲ್ಲು ತಾಗಿದ ಸಣ್ಣ ಬಿರುಕಿದ್ದರೆ, ಬಿಸಿಯಾದ ಗಾಜಿಗೆ ತಣ್ಣೀರು ಸುರಿದಾಗ ಆ ಬಿರುಕು ಓಡುವ ಭಯವೂ ಉಂಟು. ವಿದ್ಯುತ್ತಿನಿಂದ ಓಡುವ ಕಾರುಳ್ಳವರು ಅದಕ್ಕೆ ವಿದ್ಯುತ್ತನ್ನು ತುಂಬುತ್ತಿರುವಾಗ ತೊಳೆಯಬಾರದು. ತಂತಿಯನ್ನು ತೆಗೆದು ಮುಚ್ಚಳವನ್ನು ಭದ್ರಪಡಿಸಿ ಕೆಲಸಕ್ಕೆ ತೊಡಗಬೇಕು.

ಬೇಕಾದ ಸಾಮಗ್ರಿ ಹೆಚ್ಚೇನೂ ಇಲ್ಲ. ಎರಡು ಬಕೀಟುಗಳು, ಗಿಡಗಳಿಗೆ ನೀರು ಹಾಕುವ ಜಾಲರಿ ಮೂತಿಯ ಡಬ್ಬಿ, ಅದಿಲ್ಲವಾದರೆ ಒಂದು ಚೊಂಬು, ಮೈಕ್ರೋಫೈಬರ್ ಎಂಬ ಸಣ್ಣ ನೂಲಿನ ಕೈಚೀಲ, ಒರೆಸಲು ಅದೇ ಜಾತಿಯ ಎರಡು ದೊಡ್ಡ ಬಟ್ಟೆಗಳು, ಗಾಲಿಗಳಿಗೆಂದೇ ಮೀಸಲಾದ ಒಂದು ಹಳೆಯ ಬಟ್ಟೆ ಮತ್ತು ಕುಂಚ, ಕಾರಿಗೆಂದು ತಯಾರಾದ ಷಾಂಪೂ. ಬಟ್ಟೆ ಒಗೆಯುವ ಪುಡಿಯನ್ನು ಬಳಸಬೇಡಿರಿ. ಅದರ ಕ್ಷಾರವು ತೀಕ್ಷ್ಣವಾದದ್ದು. ಪಾತ್ರೆ ತೊಳೆಯುವ ಸಾಬೂನು ಜಿಡ್ಡನ್ನು ಬಿಡಿಸಲೆಂದೇ ಹುಟ್ಟಿದ್ದು. ಗಾಡಿಗೆ ಬಳಿದ ಮೇಣವನ್ನೂ ಅದು ಹೊತ್ತುಕೊಂಡು ಹೋಗುತ್ತದೆ. ಕಾರಿನ ಷಾಂಪೂವಿನ ಮುಖ್ಯ ಗುಣ ನೊರೆಯಲ್ಲ, ಜಾರಿಕೆ. ಕಣಕ್ಕೂ ಮೈಗೂ ನಡುವೆ ಜಾರುವ ತೆಳು ಪರೆಯನ್ನು ನಿಲ್ಲಿಸುವುದೇ ಅದರ ಕೆಲಸ.

ಮೊದಲನೆಯ ಹೆಜ್ಜೆ ಗಾಲಿಗಳದು. ಅತ್ಯಂತ ಕೊಳೆಯಾದ ಭಾಗ ಅವೇ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಅಲ್ಲಿ ಕೂಡಿಕೊಂಡಿರುತ್ತದೆ. ಅವನ್ನು ಕೊನೆಗಿಟ್ಟುಕೊಂಡರೆ ತೊಳೆದ ಮೈಯ ಮೇಲೆ ಆ ಕೊಳೆ ಸಿಡಿಯುತ್ತದೆ. ಗಾಲಿಗೆ ಮುಟ್ಟಿಸಿದ ಬಟ್ಟೆಯನ್ನು ಮತ್ತೆ ಮೈಗೆ ಮುಟ್ಟಿಸಬಾರದು. ಈ ಮಡಿಯನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

ಎರಡನೆಯದು ನೆನೆಸುವುದು. ಮೈಯನ್ನು ಕೈಯಿಂದ ಮುಟ್ಟದೆ, ಸುಮಾರು ೧೫ ಲೀಟರು ನೀರನ್ನು ಜಾಲರಿ ಡಬ್ಬಿಯಿಂದ ತಲೆಯ ಭಾಗದಿಂದ ಮೊದಲುಮಾಡಿ ಕೆಳಗಿನವರೆಗೆ ಹುಯ್ಯಿರಿ. ಸಡಿಲವಾದ ಮರಳು ಇದರಿಂದಲೇ ಬಹುಪಾಲು ಇಳಿದುಹೋಗುತ್ತದೆ. ಒಂದೆರಡು ನಿಮಿಷ ಬಿಟ್ಟು ಉಳಿದ ನೀರನ್ನು ಮತ್ತೊಮ್ಮೆ ಹುಯ್ಯಿರಿ. ಆತುರದಿಂದ ಈ ಹೆಜ್ಜೆಯನ್ನು ಬಿಟ್ಟವನಿಗೆ ಮುಂದಿನ ಯಾವ ಎಚ್ಚರಿಕೆಯಿಂದಲೂ ಪ್ರಯೋಜನವಾಗದು.

ಮೂರನೆಯದೇ ಎರಡು ಬಕೀಟುಗಳ ಕ್ರಮ. ಒಂದರಲ್ಲಿ ಎಂಟು ಲೀಟರು ಷಾಂಪೂ ನೀರು, ಇನ್ನೊಂದರಲ್ಲಿ ಹನ್ನೆರಡು ಲೀಟರು ಬರಿಯ ನೀರು. ಕೈಚೀಲವನ್ನು ಷಾಂಪೂ ನೀರಿನಲ್ಲಿ ಅದ್ದಿ, ಗಾಡಿಯ ಒಂದು ಭಾಗವನ್ನು ಮಾತ್ರ, ಒತ್ತದೆ, ಉದ್ದುದ್ದಕ್ಕೆ ಎಳೆಯಿರಿ. ಸುತ್ತುಸುತ್ತಾಗಿ ತಿಕ್ಕಬೇಡಿರಿ, ಒಂದು ವೇಳೆ ಗೀರು ಬಿದ್ದರೂ ನೇರವಾದದ್ದು ಒಂದು ದಿಕ್ಕಿನಿಂದ ಮಾತ್ರ ಕಾಣುತ್ತದೆ, ವೃತ್ತಾಕಾರದ್ದು ಎಲ್ಲ ದಿಕ್ಕುಗಳಿಂದಲೂ ಕಾಣುತ್ತದೆ. ಒಂದು ಭಾಗ ಮುಗಿದೊಡನೆ ಕೈಚೀಲವನ್ನು ಬರಿಯ ನೀರಿನಲ್ಲಿ ಜಾಲಿಸಿ, ಹಿಂಡಿ, ಆ ಮೇಲೆ ಮತ್ತೆ ಷಾಂಪೂ ನೀರಿಗೆ ಅದ್ದಿರಿ. ಮೊದಲು ಮಾಡು, ಆಮೇಲೆ ಗಾಜುಗಳು, ಬಾನೆಟ್ಟು, ಬಾಗಿಲುಗಳ ಮೇಲರ್ಧ, ಎಲ್ಲಕ್ಕೂ ಕೊನೆಗೆ ರಸ್ತೆಯ ಕೊಳೆ ಹತ್ತುವ ಕೆಳ ಅಂಚುಗಳು. ಕೆಲಸ ಮುಗಿದಾಗ ಬರಿಯ ನೀರಿನ ಬಕೀಟಿನ ತಳದಲ್ಲಿ ಕೈಯಾಡಿಸಿ ನೋಡಿರಿ. ನುಣ್ಣನೆಯ ಮರಳು ಬೆರಳಿಗೆ ಸಿಕ್ಕುತ್ತದೆ. ಒಂದೇ ಬಕೀಟು ಇಟ್ಟುಕೊಂಡಿದ್ದರೆ ಆ ಮರಳೆಲ್ಲವೂ ತಿರುಗಿ ಗಾಡಿಯ ಮೈಗೇ ಹೋಗುತ್ತಿತ್ತು.

ಹಕ್ಕಿಗಳ ಹಿಕ್ಕೆ, ಮರದ ಅಂಟು, ಒಣಗಿದ ಹುಳು, ಇವುಗಳನ್ನು ಉಗುರಿನಿಂದ ಕೆರೆಯಬಾರದು. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿನಲ್ಲಿ ಬಿಟ್ಟರೆ ಪೊರೆಯನ್ನೇ ತಿಂದು ಗುರುತು ಉಳಿಸುತ್ತದೆ. ಆದುದರಿಂದ ತೊಳೆಯುವ ದಿನಕ್ಕೆ ಕಾಯದೆ, ಕಂಡ ದಿನವೇ ನೆನೆದ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಸಿಮೆಂಟಿನ ಧೂಳಿನ ಬಗ್ಗೆಯೂ ಎಚ್ಚರವಿರಲಿ. ರಾತ್ರಿಯ ಇಬ್ಬನಿ ಅದಕ್ಕೆ ಸೇರಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ನಾಲ್ಕನೆಯದು ಷಾಂಪೂವನ್ನು ಇಳಿಸುವುದು, ಐದನೆಯದು ಒಣಗಿಸುವುದು. ಉಳಿದ ೧೫ ಲೀಟರು ನೀರನ್ನು ಮೇಲಿನಿಂದ ಒಂದೇ ಸಮನಾಗಿ ಹುಯ್ದರೆ ನೊರೆ ಇಳಿಯುತ್ತದೆ. ನೀರು ತಾನಾಗಿ ಆರಲೆಂದು ಬಿಟ್ಟುಬಿಡುವುದು ದೊಡ್ಡ ತಪ್ಪು. ಕೊಳವೆ ಬಾವಿಯ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಕರಗಿರುತ್ತವೆ. ಸ್ನಾನದ ಮನೆಯ ನಲ್ಲಿಗಳ ಮೇಲೆ ಬಿಳಿಯ ಕಲೆ ಕಟ್ಟುವುದೂ ಇವುಗಳಿಂದಲೇ. ಹನಿ ಆರಿದಾಗ ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ಆದುದರಿಂದ ದೊಡ್ಡ ಬಟ್ಟೆಯನ್ನು ಮೈಯ ಮೇಲೆ ಹಾಸಿ ಮೆಲ್ಲನೆ ಎಳೆದು ನೀರನ್ನು ಹೀರಿಸಿರಿ, ಉಜ್ಜಬೇಡಿರಿ. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಒಗೆಯುವವರೆಗೆ ಗಾಡಿಗೆ ಮುಟ್ಟಿಸಬೇಡಿರಿ.

ನೀರಿನ ಆಯ್ಕೆಯ ವಿಷಯವಾಗಿ ಒಂದು ಮಾತು. ಈ ಕೆಲಸಕ್ಕೆ ಮಳೆಯ ನೀರಿಗೆ ಸಮನಾದುದಿಲ್ಲ. ಲವಣಗಳಿಲ್ಲದ ಮೃದುವಾದ ನೀರಾದುದರಿಂದ ಕಲೆ ಕಟ್ಟುವುದಿಲ್ಲ. ಬೆಂಗಳೂರಿನಲ್ಲಿ ೨೦೦೯ರಿಂದೀಚೆಗೆ ೨,೪೦೦ ಚದರಡಿಗೆ ಮೇಲ್ಪಟ್ಟ ನಿವೇಶನಗಳ ಮನೆಗಳವರು ಮಳೆನೀರು ಹಿಡಿಯಬೇಕೆಂದು ಕಾನೂನೇ ಆಯಿತು. ಹಿಡಿದ ನೀರಿಗೆ ಇದಕ್ಕಿಂತ ತಕ್ಕ ಉಪಯೋಗವಿರಲಾರದು. ಅಡಿಗೆಮನೆಯ ನೀರು ಶೋಧಿಸುವ ಯಂತ್ರದಿಂದ ವ್ಯರ್ಥವಾಗಿ ಹೊರಬರುವ ನೀರನ್ನೂ ಬಳಸಬಹುದು. ಆದರೆ ಅದರಲ್ಲಿ ಲವಣ ಇನ್ನೂ ಹೆಚ್ಚಾಗಿರುವುದರಿಂದ, ಗಾಲಿಗಳಿಗೂ ಮೊದಲು ನೆನೆಸುವುದಕ್ಕೂ ಮಾತ್ರ ಅದು ತಕ್ಕದ್ದು. ಕೊನೆಯ ನೀರಾಗಿ ಅಲ್ಲ.

ತೊಳೆದಾದ ಮೇಲೆ ಗಾಡಿಯನ್ನು ಹಾಗೆಯೇ ನಿಲ್ಲಿಸಿಬಿಡಬೇಡಿರಿ. ಬೀದಿಯಲ್ಲಿ ಸ್ವಲ್ಪ ದೂರ ಮೆಲ್ಲನೆ ಓಡಿಸಿ ಎರಡು ಮೂರು ಸಲ ಬ್ರೇಕು ಒತ್ತಿದರೆ ಅವುಗಳ ತೇವ ಆರುತ್ತದೆ. ಇಲ್ಲದಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಬ್ರೇಕಿನ ಬಿಲ್ಲೆಯ ಮೇಲೆ ಕಂದುಬಣ್ಣದ ತುಕ್ಕು ಕಾಣುತ್ತದೆ. ಮುಂದಿನ ಗಾಜಿನ ಬುಡದಲ್ಲಿಯೂ ಬಾಗಿಲುಗಳ ತಳದಲ್ಲಿಯೂ ನೀರು ಇಳಿಯಲು ಸಣ್ಣ ದಾರಿಗಳಿವೆ. ಹೊಂಗೆ, ಬೇವಿನ ಎಲೆಗಳು ಅವನ್ನು ಮುಚ್ಚಿದ್ದರೆ ತೆಗೆದುಹಾಕಿರಿ, ಏಕೆಂದರೆ ತುಕ್ಕು ಒಳಗಿನಿಂದ ಹುಟ್ಟುವುದು ಇಂತಹ ಸ್ಥಳಗಳಲ್ಲಿ. ಮಂಗಳೂರು, ಉಡುಪಿ, ಕಾರವಾರಗಳ ಕಡೆಯವರಿಗೆ ಇನ್ನೊಂದು ಮಾತು. ಕಡಲ ಗಾಳಿಯ ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ಬೆಳೆಸುತ್ತದೆ. ಅವರು ಗಾಡಿಯ ಅಡಿಭಾಗವನ್ನೂ ಆಗಾಗ ಸಿಹಿನೀರಿನಿಂದ ತೊಳೆಯಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಮೇಣವನ್ನು ತೆಳುವಾಗಿ ಬಳಿದರೆ ಧೂಳು ಅಷ್ಟಾಗಿ ಅಂಟದೆ ಮುಂದಿನ ತೊಳೆಯುವಿಕೆ ಸುಲಭವಾಗುತ್ತದೆ.

ಹರಿದು ಹೋಗುವ ನೀರಿನ ವಿಚಾರವನ್ನೂ ಮರೆಯುವಂತಿಲ್ಲ. ರಸ್ತೆಯ ಮಗ್ಗುಲಿನ ಮಳೆಮೋರಿಗಳು ರಾಜಕಾಲುವೆಗಳನ್ನು ಸೇರಿ ಕೆರೆಗಳಿಗೆ ಹೋಗತಕ್ಕವು. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ನೊರೆಯು ಬೆಟ್ಟದಂತೆ ಎದ್ದುದನ್ನೂ, ೨೦೧೫ರಲ್ಲಿ ಬೆಳ್ಳಂದೂರಿನ ಆ ನೊರೆಗೇ ಬೆಂಕಿ ಹತ್ತಿದುದನ್ನೂ ತಾವು ಕೇಳಿರುವಿರಿ. ಊರಿನ ಚರಂಡಿಯ ನೀರೂ ಸಾಬೂನಿನ ದ್ರವ್ಯಗಳೂ ಶುದ್ಧಿಯಾಗದೆ ಅಲ್ಲಿಗೆ ಸೇರಿದುದರ ಫಲವದು. ಒಂದು ಕಾರಿನ ನೊರೆಯಿಂದ ಕೆರೆ ಕೆಡುವುದಿಲ್ಲವೆನ್ನಬಹುದು. ಆದರೆ ಹಾಗೆನ್ನುವವರು ಒಬ್ಬರಲ್ಲ. ಜರ್ಮನಿಯ ಅನೇಕ ಊರುಗಳಲ್ಲಿ ಮನೆಯ ಮುಂದೆ ಕಾರು ತೊಳೆಯುವುದಕ್ಕೇ ನಿರ್ಬಂಧವಿದೆ. ನಾವು ಷಾಂಪೂವನ್ನು ಮಿತವಾಗಿ ಬಳಸಿ, ಉಳಿದ ಕೊಳೆನೀರನ್ನು ಬೀದಿಗೆ ಚೆಲ್ಲದೆ ಮನೆಯ ಬಚ್ಚಲಿನ ಮೂಲಕ ಒಳಚರಂಡಿಗೆ ಬಿಟ್ಟರೆ ಅಷ್ಟಾದರೂ ಉಪಕಾರ.

ಕೊನೆಯದಾಗಿ, ತಮ್ಮಲ್ಲಿ ಅನೇಕರ ಗಾಡಿಗಳನ್ನು ತೊಳೆಯುವವರು ತಾವಲ್ಲ. ನಸುಕಿನಲ್ಲಿ ಬಂದು ಒಂದೇ ಬಕೀಟಿನ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಹತ್ತು ಗಾಡಿಗಳನ್ನು ಒರೆಸಿ ಹೋಗುವ ದುಡಿಮೆಗಾರರು. ಗೀರುಗಳನ್ನು ಕಂಡು ಅವರನ್ನು ಗದರಿಸುವುದು ನ್ಯಾಯವಲ್ಲ. ದಿನವೂ ಗಾಡಿ ಹೊಳೆಯಬೇಕೆಂದು ಕೇಳಿದವರು ನಾವು. ಅದಕ್ಕೆ ಬೇಕಾದ ಹೊತ್ತನ್ನೂ ಬಟ್ಟೆಯನ್ನೂ ಕೊಡದವರೂ ನಾವೇ. ಅವರನ್ನು ಕರೆದು ಹೀಗೆ ಹೇಳಿ ನೋಡಿರಿ: “ಅಪ್ಪಾ, ದಿನವೂ ಗಾಜುಗಳನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸು, ಮೈಯ ಧೂಳು ಹಾಗೆಯೇ ಇರಲಿ. ಹದಿನೈದು ದಿನಕ್ಕೊಮ್ಮೆ ನಿಧಾನವಾಗಿ ತೊಳೆ. ಇಗೋ ಎರಡು ಬಕೀಟು, ಇಗೋ ಬೇರೆ ಬಟ್ಟೆ. ಸಂಬಳದಲ್ಲಿ ಏನೂ ಕಡಿಮೆಯಿಲ್ಲ.” ನಮ್ಮ ಮನೆಯಲ್ಲಿ ಈ ಏರ್ಪಾಡು ನಡೆದು ಬಂದಿದೆ. ಬಾನೆಟ್ಟಿನ ಮೇಲಣ ಹಳೆಯ ಗೀರುಗಳು ಹೋಗಲಿಲ್ಲ, ತಾವಾಗಿ ಹೋಗುವಂತೆಯೂ ಇಲ್ಲ. ಹೊಸವು ಮಾತ್ರ ಕಾಣುತ್ತಿಲ್ಲ. ವಾರದ ಧೂಳು ಹೊತ್ತ ನಮ್ಮ ಗಾಡಿಯನ್ನು ನೋಡಿ ಯಾರಾದರೂ ನಕ್ಕರೆ, ಈಗ ನಾವು ನಾಚುವುದಿಲ್ಲ. ಒಣಬಟ್ಟೆಯಿಂದ ಒರೆಸದೆ ಬಿಟ್ಟ ಧೂಳು ಗಾಡಿಯನ್ನು ಗೀರದು.